ಪಿಎಫ್‌ನ ಕಾಲುಭಾಗಕ್ಕೆ ಬೀಗ: ಇಂದಿನ ಆಯ್ಕೆ ಮತ್ತು ನಾಳಿನ ಆಯ್ಕೆಯ ನಡುವಿನ ತಕರಾರು

2025ರ ಅಕ್ಟೋಬರ್ 13ರಂದು ನವದೆಹಲಿಯಲ್ಲಿ ಸೇರಿದ್ದ ಕಾರ್ಮಿಕರ ಭವಿಷ್ಯ ನಿಧಿ ಸಂಘಟನೆಯ ಕೇಂದ್ರೀಯ ಟ್ರಸ್ಟಿಗಳ ಮಂಡಳಿಯು ಪಿಎಫ್ ಹಣ ಹಿಂಪಡೆಯುವ ನಿಯಮಗಳನ್ನು ಬದಲಿಸಲು ತೀರ್ಮಾನಿಸಿದಾಗ, ಚಂದಾದಾರರ ಕೈಗೆ ಒಂದಕ್ಕೊಂದು ಹೊಂದದ ಎರಡು ಸುದ್ದಿಗಳು ಒಟ್ಟಿಗೇ ತಲುಪಿದವು. ಹಣವನ್ನು ಶೇ 100ರಷ್ಟು ತೆಗೆಯಬಹುದು ಎಂಬುದು ಒಂದು. ಕೆಲಸ ಹೋದವರು ಪೂರ್ತಿ ಹಣಕ್ಕಾಗಿ ಒಂದು ವರ್ಷ ಕಾಯಬೇಕು ಎಂಬುದು ಇನ್ನೊಂದು. ಸರ್ಕಾರ ಕೈ ಸಡಿಲಿಸಿತೋ ಬಿಗಿ ಮಾಡಿತೋ ಎಂಬ ಪ್ರಶ್ನೆಗೆ ಎರಡೂ ಹೌದು ಎಂದೇ ಉತ್ತರ ಕೊಡಬೇಕಾಗುತ್ತದೆ. ಈ ವಿರೋಧಾಭಾಸದ ಹಿಂದೆ ಅರ್ಥಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ಏಳು ದಶಕಗಳಿಂದ ಚರ್ಚಿಸುತ್ತಿರುವ ಒಂದು ಸಮಸ್ಯೆ ಇದೆ. ಅದನ್ನು ತಿಳಿಯದೆ ಈ ನಿಯಮವನ್ನು ಹೊಗಳುವುದೂ ತೆಗಳುವುದೂ ಅರ್ಧ ಮಾತಾಗುತ್ತದೆ.

ತೀರ್ಮಾನದಲ್ಲಿ ಇರುವುದೇನು

ಮೊದಲು ಗೊಂದಲವನ್ನು ಬಿಡಿಸೋಣ. ಭಾಗಶಃ ಹಣ ತೆಗೆಯಲು ಇದ್ದ 13 ಬಗೆಯ ಅವಕಾಶಗಳನ್ನು ಮೂರು ಗುಂಪುಗಳಿಗೆ ಇಳಿಸಲಾಗಿದೆ: ಒಂದು, ಕಾಯಿಲೆ, ಶಿಕ್ಷಣ, ಮದುವೆಯಂತಹ ಅಗತ್ಯಗಳು; ಎರಡು, ವಸತಿ; ಮೂರು, ವಿಶೇಷ ಸಂದರ್ಭಗಳು. ಮೂರನೆಯ ಗುಂಪಿನಲ್ಲಿ ಕಾರಣ ಹೇಳಬೇಕಾಗಿಲ್ಲ. ಎಲ್ಲಕ್ಕೂ 12 ತಿಂಗಳ ಸೇವೆ ಸಾಕು. ಹಿಂದೆ ಮದುವೆ ಅಥವಾ ಶಿಕ್ಷಣಕ್ಕೆ ಏಳು ವರ್ಷಗಳ ಸೇವೆ ಆಗಿರಬೇಕಿತ್ತು, ಸಿಗುತ್ತಿದ್ದುದೂ ನೌಕರರ ಪಾಲಿನ ಅರ್ಧ ಮಾತ್ರ. ಈಗ ಮಾಲೀಕರ ಪಾಲೂ ಲೆಕ್ಕಕ್ಕೆ ಬರುತ್ತದೆ. ಆದರೆ ಸುದ್ದಿಯಲ್ಲಿ ಬಂದ ‘ಶೇ 100’ ಎಂಬುದು ಅರ್ಹ ಮೊತ್ತದ ಶೇ 100. ವಂತಿಗೆಯ ಶೇ 25ರಷ್ಟನ್ನು ಕನಿಷ್ಠ ಬಾಕಿಯಾಗಿ ಖಾತೆಯಲ್ಲಿ ಸದಾ ಉಳಿಸಬೇಕು. ಉಳಿದ ಮುಕ್ಕಾಲು ಭಾಗವೇ ಅರ್ಹ ಮೊತ್ತ.

ನಿರುದ್ಯೋಗದ ವಿಷಯದಲ್ಲಿ ಹಳೆಯ ನಿಯಮದ ಪ್ರಕಾರ ಕೆಲಸ ಹೋಗಿ ಒಂದು ತಿಂಗಳಾದ ಮೇಲೆ ಶೇ 75, ಎರಡು ತಿಂಗಳಾದ ಮೇಲೆ ಉಳಿದದ್ದು ಸಿಗುತ್ತಿತ್ತು. ಹೊಸ ತೀರ್ಮಾನದಂತೆ ಶೇ 75 ತಕ್ಷಣ ಸಿಗುತ್ತದೆ, ಉಳಿದ ಶೇ 25ಕ್ಕೆ 12 ತಿಂಗಳು ಕಾಯಬೇಕು. ಪಿಂಚಣಿ ಯೋಜನೆಯ ಹಣವನ್ನು ಹಿಂಪಡೆಯಲು ಎರಡು ತಿಂಗಳ ಬದಲು 36 ತಿಂಗಳು ಕಾಯಬೇಕು. ನಿವೃತ್ತಿ, ಶಾಶ್ವತ ಅಂಗವೈಕಲ್ಯ, ದೇಶವನ್ನು ಶಾಶ್ವತವಾಗಿ ತೊರೆಯುವುದು ಮುಂತಾದ ಸಂದರ್ಭಗಳಲ್ಲಿ ಈ ತಡೆ ಇಲ್ಲ. ಅಂದರೆ ಬಾಗಿಲು ಹಿಂದಿಗಿಂತ ಅಗಲವಾಗಿ ತೆರೆದಿದೆ, ಆದರೆ ಹಿಂದಿನ ಒಂದು ಕೋಣೆಗೆ ಹೊಸದಾಗಿ ಬೀಗ ಬಿದ್ದಿದೆ.

ಸರ್ಕಾರದ ಸಮರ್ಥನೆ ಹೀಗಿದೆ: ಅಂತಿಮ ಇತ್ಯರ್ಥದ, ಅಂದರೆ ಲೆಕ್ಕ ಮುಗಿಸಿ ಉಳಿದ ಹಣ ಪಡೆಯುವ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ ₹20,000ಕ್ಕಿಂತ ಕಡಿಮೆ ಹಣ ಉಳಿದಿರುತ್ತದೆ. ನಡುನಡುವೆ ಹಣ ತೆಗೆಯುತ್ತ ಹೋಗುವುದೇ ಇದಕ್ಕೆ ಕಾರಣ, ಆದ್ದರಿಂದ ಒಂದು ಪಾಲನ್ನಾದರೂ ಕಾಪಾಡಬೇಕು.

ಒಬ್ಬನೇ ಮನುಷ್ಯ, ಎರಡು ತೀರ್ಪು

ದುಡಿದವರು ತಮ್ಮ ಹಣವನ್ನು ತಾವೇ ತೆಗೆದರೆ ಅದನ್ನು ಸಮಸ್ಯೆ ಎಂದು ಏಕೆ ಕರೆಯಬೇಕು? ಶುದ್ಧ ಸಾಂಪ್ರದಾಯಿಕ ಅರ್ಥಶಾಸ್ತ್ರದಲ್ಲಿ ಅದು ಸಮಸ್ಯೆಯೇ ಅಲ್ಲ. 1937ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ರೂಪಿಸಿದ ಮಾದರಿಯಲ್ಲಿ ಮನುಷ್ಯನು ಭವಿಷ್ಯದ ಸುಖಕ್ಕೆ ಇಂದಿನ ಸುಖಕ್ಕಿಂತ ಕಡಿಮೆ ಬೆಲೆ ಕೊಡುತ್ತಾನೆ, ಆದರೆ ಆ ಕಡಿತ ಪ್ರತಿ ವರ್ಷಕ್ಕೂ ಒಂದೇ ದರದಲ್ಲಿ ಇರುತ್ತದೆ. ಅಂಥವನು ಇಂದು ಹಾಕಿಕೊಂಡ ಯೋಜನೆಯನ್ನು, ಹೊಸ ಮಾಹಿತಿ ಬಾರದ ಹೊರತು, ಮುಂದೆಂದೂ ಬದಲಿಸುವುದಿಲ್ಲ. ಮನುಷ್ಯರು ನಿಜವಾಗಿ ಹೀಗೆಯೇ ನಡೆದುಕೊಳ್ಳುತ್ತಾರೆ ಎಂದು ಸ್ಯಾಮ್ಯುಯೆಲ್ಸನ್ ವಾದಿಸಲಿಲ್ಲ. ಆ ಎಚ್ಚರಿಕೆಯನ್ನು ಮರೆತವರು ಅವರ ಮಾದರಿಯನ್ನು ಬಳಸಿದವರು.

1950ರ ದಶಕದ ನಡುವಿನಲ್ಲಿ ರಾಬರ್ಟ್ ಸ್ಟ್ರಾಟ್ಜ್ ಇನ್ನೊಂದು ಸಾಧ್ಯತೆಯನ್ನು ಮುಂದಿಟ್ಟರು. ಕಡಿತದ ದರ ಸಮನಾಗಿಲ್ಲದಿದ್ದರೆ, ಅದರಲ್ಲೂ ಹತ್ತಿರದ ಕಾಲಕ್ಕೆ ಹೆಚ್ಚು ಮತ್ತು ದೂರದ ಕಾಲಕ್ಕೆ ಕಡಿಮೆ ಇದ್ದರೆ, ಮನುಷ್ಯ ಇಂದು ಮಾಡಿದ ಯೋಜನೆಯನ್ನು ನಾಳೆ ತಾನೇ ಮುರಿಯುತ್ತಾನೆ. 1997ರಲ್ಲಿ ಡೇವಿಡ್ ಲೇಬ್ಸನ್ ಇದನ್ನು ಬಳಸಲು ಸುಲಭವಾದ ಲೆಕ್ಕಕ್ಕೆ ಇಳಿಸಿದರು: ವರ್ಷವರ್ಷದ ಸಾಧಾರಣ ಕಡಿತ ಒಂದು, ‘ಇಂದು ಅಲ್ಲ’ ಎಂಬ ಒಂದೇ ಕಾರಣಕ್ಕೆ ಇಡೀ ಭವಿಷ್ಯದ ಮೇಲೆ ಬೀಳುವ ಹೆಚ್ಚುವರಿ ಕಡಿತ ಇನ್ನೊಂದು.

ಅಂಕಿಗಳಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ವಾರ್ಷಿಕ ಕಡಿತ ಶೇ 5, ಹೆಚ್ಚುವರಿ ಕಡಿತ ಶೇ 25 ಎಂದು ಇಟ್ಟುಕೊಳ್ಳೋಣ. ಇಂದು ₹10,000 ಬೇಕೋ, ವರ್ಷದ ನಂತರ ₹12,000 ಬೇಕೋ ಎಂದು ಕೇಳಿದರೆ, ಎರಡನೆಯದರ ಇಂದಿನ ಬೆಲೆ ಎರಡೂ ಕಡಿತಗಳನ್ನು ಕಳೆದು ₹8,550 ಆಗುತ್ತದೆ. ಆದ್ದರಿಂದ ಆತ ಇಂದೇ ಹಣ ಪಡೆಯುತ್ತಾನೆ. ಅದೇ ಆಯ್ಕೆಯನ್ನು ಹತ್ತು ವರ್ಷ ಮುಂದಕ್ಕೆ ಸರಿಸಿ, ಹತ್ತನೆಯ ವರ್ಷಕ್ಕೆ ₹10,000 ಬೇಕೋ ಹನ್ನೊಂದನೆಯ ವರ್ಷಕ್ಕೆ ₹12,000 ಬೇಕೋ ಎಂದರೆ, ಹೆಚ್ಚುವರಿ ಕಡಿತ ಎರಡರ ಮೇಲೂ ಸಮವಾಗಿ ಬೀಳುತ್ತದೆ. ಆಗ ಉಳಿಯುವ ಹೋಲಿಕೆ 10,000ಕ್ಕೂ 11,400ಕ್ಕೂ ನಡುವಿನದು, ಮತ್ತು ಆತ ಕಾಯುವುದನ್ನೇ ಆರಿಸುತ್ತಾನೆ. ಆದರೆ ಹತ್ತನೆಯ ವರ್ಷ ನಿಜವಾಗಿ ಬಂದಾಗ ಅವನ ಮುಂದಿರುವುದು ಮತ್ತೆ ಮೊದಲಿನ ಪ್ರಶ್ನೆ, ಅವನು ಕೊಡುವುದು ಮೊದಲಿನ ಉತ್ತರ. ಕಾಲ ಸರಿದದ್ದರ ಹೊರತಾಗಿ ಏನೂ ಬದಲಾಗದಿದ್ದರೂ ಆದ್ಯತೆ ತಲೆಕೆಳಗಾಗಿದೆ. ಕಾಲ-ಅಸಂಗತ ಆದ್ಯತೆ ಎಂದರೆ ಇದೇ. ಇದನ್ನು ಬರಿಯ ಅಸಹನೆ ಎನ್ನಲಾಗದು, ಏಕೆಂದರೆ ಸದಾ ಒಂದೇ ಸಮನಾಗಿ ಅಸಹನೆ ತೋರುವವನು ತನ್ನ ಮಾತನ್ನು ತಾನು ಮುರಿಯುವುದಿಲ್ಲ.

ಪ್ರಯೋಗಗಳಲ್ಲೂ ಈ ಜಾಡು ಕಾಣುತ್ತದೆ. 1981ರಲ್ಲಿ ರಿಚರ್ಡ್ ಥೇಲರ್ ಪ್ರಕಟಿಸಿದ ಅಧ್ಯಯನದಲ್ಲಿ, ಈಗ ಸಿಗುವ 15 ಡಾಲರ್‌ಗೆ ಬದಲಾಗಿ ಎಷ್ಟು ಕೊಟ್ಟರೆ ಕಾಯುವಿರಿ ಎಂಬ ಪ್ರಶ್ನೆಗೆ ಬಂದ ನಡುಮಟ್ಟದ ಉತ್ತರಗಳು ಒಂದು ತಿಂಗಳಿಗೆ 20, ಒಂದು ವರ್ಷಕ್ಕೆ 50, ಹತ್ತು ವರ್ಷಕ್ಕೆ 100 ಡಾಲರ್ ಆಗಿದ್ದವು. ಇವನ್ನು ವಾರ್ಷಿಕ ಬಡ್ಡಿಯಾಗಿ ಬದಲಿಸಿದರೆ ಮೊದಲನೆಯದು ಶೇ 345, ಕೊನೆಯದು ಶೇ 19. ಇಂತಹ ಹಣದ ಪ್ರಶ್ನೆಗಳ ಮೇಲೆ ಮುಂದೆ ಆಕ್ಷೇಪಗಳು ಬಂದವು. ಹಣ ಇಂದು ಸಿಕ್ಕರೆ ಇಂದೇ ಖರ್ಚಾಗುತ್ತದೆ ಎಂದೇನಿಲ್ಲವಲ್ಲ. 2015ರಲ್ಲಿ ಆಗನ್‌ಬ್ಲಿಕ್, ನೀಡರ್ಲೆ ಮತ್ತು ಸ್ಪ್ರೆಂಗರ್ ಪ್ರಕಟಿಸಿದ ಪ್ರಯೋಗದಲ್ಲಿ ಹಣದ ಆಯ್ಕೆಗಳಲ್ಲಿ ಈ ಅಸಂಗತತೆ ಅತ್ಯಲ್ಪವಾಗಿ ಕಂಡಿತು. ಬೇಸರ ತರುವ ಕೆಲಸವನ್ನು ಇಂದು ಎಷ್ಟು, ಮುಂದೆ ಎಷ್ಟು ಮಾಡುವಿರಿ ಎಂಬ ಆಯ್ಕೆಗಳಲ್ಲಿ ಎದ್ದು ಕಂಡಿತು. ಸಿದ್ಧಾಂತ ಇದರಿಂದ ಬಿದ್ದುಹೋಗಲಿಲ್ಲ, ಆದರೆ ಪಿಎಫ್‌ನಂತಹ ವಿಷಯಕ್ಕೆ ಅದನ್ನು ಅನ್ವಯಿಸುವಾಗ ಕೇಳಬೇಕಾದ ಪ್ರಶ್ನೆ ಚುರುಕಾಯಿತು: ತೆಗೆದ ಹಣ ಏನಾಗುತ್ತದೆ?

ಬೀಗವನ್ನು ಜನ ತಾವೇ ಕೇಳುತ್ತಾರೆಯೇ

ತನ್ನ ನಾಳಿನ ದೌರ್ಬಲ್ಯವನ್ನು ಇಂದೇ ಅರಿತವನು ತನ್ನ ಕೈಯನ್ನು ತಾನೇ ಕಟ್ಟಿಹಾಕಿಕೊಳ್ಳಲು ಒಪ್ಪಬೇಕು. ಅರಿಯದವನು ಒಪ್ಪುವುದಿಲ್ಲ, ಏಕೆಂದರೆ ನಾಳೆ ತಾನು ಸರಿಯಾಗಿಯೇ ನಡೆದುಕೊಳ್ಳುತ್ತೇನೆ ಎಂಬ ಭರವಸೆ ಅವನಿಗಿದೆ. ಈ ವ್ಯತ್ಯಾಸವನ್ನು ಟೆಡ್ ಒಡೊನಹ್ಯೂ ಮತ್ತು ಮ್ಯಾಥ್ಯೂ ರಾಬಿನ್ 1999ರಲ್ಲಿ ವಿವರವಾಗಿ ಬಿಡಿಸಿಟ್ಟರು.

ಅರಿತವರು ಇದ್ದಾರೆ ಎಂಬುದಕ್ಕೆ ದೊರೆತ ಒಳ್ಳೆಯ ಪುರಾವೆಗಳಲ್ಲೊಂದು ಮೈಸೂರಿನದು. ಅಲ್ಲಿನ ದತ್ತಾಂಶ ನಮೂದು ಕೆಲಸಗಾರರೊಂದಿಗೆ ಸುಪ್ರೀತ್ ಕೌರ್, ಮೈಕೆಲ್ ಕ್ರೆಮರ್ ಮತ್ತು ಸೆಂಧಿಲ್ ಮುಲ್ಲೈನಾಥನ್ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೆಲಸಗಾರರು ಬಯಸಿದರೆ ತಮಗೆ ತಾವೇ ಒಂದು ಗುರಿ ಹಾಕಿಕೊಳ್ಳಬಹುದಿತ್ತು. ಗುರಿ ಮುಟ್ಟಿದರೆ ಮಾಮೂಲಿ ಕೂಲಿ, ಮುಟ್ಟದಿದ್ದರೆ ಅರ್ಧ ದರದ ಕೂಲಿ. ಈ ಒಪ್ಪಂದದಿಂದ ಯಾವ ಸ್ಥಿತಿಯಲ್ಲೂ ಒಂದು ಪೈಸೆ ಹೆಚ್ಚು ಸಿಗುವುದಿಲ್ಲ, ಕಳೆದುಕೊಳ್ಳುವ ಸಾಧ್ಯತೆ ಮಾತ್ರ ಇದೆ. ಆದರೂ ಶೇ 36ರಷ್ಟು ಸಲ ಅವರು ಅದನ್ನೇ ಆರಿಸಿಕೊಂಡರು. ಸಂಬಳದ ದಿನ ಹತ್ತಿರವಾದಂತೆ ಅವರ ದುಡಿಮೆ ಹೆಚ್ಚುತ್ತಿತ್ತು ಎಂಬುದೂ ಅದೇ ಅಧ್ಯಯನದಲ್ಲಿ ಕಂಡ ಸಂಗತಿ. ಪ್ರತಿಫಲ ಕಣ್ಣಳತೆಗೆ ಬಂದಾಗ ಶ್ರಮ ಹಗುರವೆನಿಸುವುದಕ್ಕೆ ಇದು ಸಾಕ್ಷಿ.

ಉಳಿತಾಯದ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವುದು ಫಿಲಿಪೀನ್ಸ್‌ನ ಪ್ರಯೋಗ. ತಾವೇ ನಿಗದಿ ಮಾಡಿದ ದಿನಾಂಕ ಅಥವಾ ಮೊತ್ತ ತಲುಪುವವರೆಗೆ ಹಣ ಮುಟ್ಟಲಾಗದ ಖಾತೆಯನ್ನು ಒಂದು ಗ್ರಾಮೀಣ ಬ್ಯಾಂಕಿನ ಗ್ರಾಹಕರ ಮುಂದಿಟ್ಟಾಗ ಶೇ 28ರಷ್ಟು ಮಂದಿ ಅದನ್ನು ತೆರೆದರು. ನವ ಆಶ್ರಫ್, ಡೀನ್ ಕಾರ್ಲಾನ್ ಮತ್ತು ವೆಸ್ಲಿ ಯಿನ್ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಆ ಅವಕಾಶ ಪಡೆದ ಗುಂಪಿನ ಉಳಿತಾಯ ಒಂದು ವರ್ಷದಲ್ಲಿ ಪಡೆಯದ ಗುಂಪಿಗಿಂತ ಗಣನೀಯವಾಗಿ ಹೆಚ್ಚಿತು. ಇದನ್ನು ಓದಿದವರು ಬೀಗವೇ ಮದ್ದು ಎಂದು ತೀರ್ಮಾನಿಸುವುದುಂಟು. ಅದೇ ದೇಶದಲ್ಲಿ ಅನೆಟ್ ಜಾನ್ ನಡೆಸಿದ, 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನೂ ಪಕ್ಕದಲ್ಲಿಟ್ಟು ಓದುವುದು ಒಳ್ಳೆಯದು. ತಾವಾಗಿ ಒಪ್ಪಿಕೊಂಡ ದಂಡಸಹಿತ ಉಳಿತಾಯ ಒಪ್ಪಂದವನ್ನು ಅಲ್ಲಿ ಶೇ 55ರಷ್ಟು ಮಂದಿ ಪೂರೈಸಲಾಗದೆ ದಂಡ ತೆತ್ತರು. ತಮ್ಮ ದೌರ್ಬಲ್ಯವನ್ನು ಅರೆಬರೆ ಅರಿತವರು ಅರೆಬರೆ ಬಿಗಿಯ ಬೀಗ ಆರಿಸಿಕೊಂಡು ಉಳಿತಾಯವನ್ನೂ ಮಾಡದೆ, ದಂಡವನ್ನೂ ಕಟ್ಟಿ ಎರಡು ಕಡೆಯಿಂದಲೂ ಸೋಲುತ್ತಾರೆ.

ಪಿಎಫ್‌ನಲ್ಲಿ ಆರಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ನೌಕರರಿಂದ, ಅಷ್ಟೇ ಮಾಲೀಕರಿಂದ ಹೋಗುತ್ತದೆ. ಅರಿತವರಿಗೂ ಅರಿಯದವರಿಗೂ, ಅಸಂಗತತೆಯೇ ಇಲ್ಲದವರಿಗೂ ಒಂದೇ ಬೀಗ. ತಕರಾರು ಶುರುವಾಗುವುದು ಅಲ್ಲಿಂದ.

ಬೆಂಗಳೂರಿನ ರಸ್ತೆಗಿಳಿದ ಆಕ್ಷೇಪ

2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯು ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯದಂತೆ ನಿರ್ಬಂಧಿಸಿತ್ತು. ಆ ವರ್ಷದ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ಮಹಿಳೆಯರು, ಬೀದಿಗಿಳಿದರು. ಹೆದ್ದಾರಿಗಳು ಸ್ತಬ್ಧವಾದವು, ಹಿಂಸೆಯೂ ನಡೆಯಿತು. 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂಪಡೆಯಿತು.

ಕಾಲ-ಅಸಂಗತತೆಯ ಸಿದ್ಧಾಂತವನ್ನು ಯಾಂತ್ರಿಕವಾಗಿ ಅನ್ವಯಿಸುವವರು ಇದನ್ನು ಇಂದಿನ ಆಸೆಯು ನಾಳಿನ ಹಿತದ ಮೇಲೆ ಸಾಧಿಸಿದ ಗೆಲುವು ಎಂದು ಓದಿಯಾರು. ಆದರೆ ಕಾರ್ಮಿಕರ ಕಡೆಯಿಂದ ನೋಡಿದರೆ ಕಾಣುವುದು ಬೇರೆಯೇ ಲೆಕ್ಕ. ಕಾರ್ಖಾನೆಗಳು ಮುಚ್ಚುವ, ಮದುವೆ ಹೆರಿಗೆಗಳಿಗಾಗಿ ಕೆಲಸ ಬಿಡಬೇಕಾಗುವ ವಲಯದಲ್ಲಿ ಪಿಎಫ್ ಎಂಬುದು ವೃದ್ಧಾಪ್ಯದ ನಿಧಿಗಿಂತ ಹೆಚ್ಚಾಗಿ ನಿರುದ್ಯೋಗ ವಿಮೆ. ಮಾಸಿಕ ಸಂಬಳದಲ್ಲಿ ಎಂದೂ ಒಟ್ಟುಗೂಡದ ಮೊತ್ತ ಒಮ್ಮೆಲೇ ಕೈಗೆ ಸಿಗುವ ಏಕೈಕ ದಾರಿಯೂ ಅದೇ. 58ಕ್ಕೆ ಕೊಡುತ್ತೇವೆ ಎಂಬ ಮಾತನ್ನು ನಂಬುವುದಕ್ಕೆ ಆಗಾಗ ಬದಲಾಗುವ ನಿಯಮಗಳು, ಕೆಲಸ ಬದಲಿಸಿದಾಗ ಹಳೆಯ ಖಾತೆಯನ್ನು ಜೋಡಿಸುವ ತೊಡಕುಗಳು ಅಡ್ಡ ಬರುತ್ತವೆ. ಭರವಸೆ ಈಡೇರುವುದೇ ಅನುಮಾನವಾಗಿರುವಾಗ ಇಂದಿನ ಹಣಕ್ಕೆ ಹೆಚ್ಚು ತೂಕ ಕೊಡುವುದು ವಿವೇಕವೇ. 1998ರಲ್ಲಿ ಪೀಟರ್ ಸೋಜೌ ಗಣಿತದ ಮೂಲಕ ತೋರಿಸಿದ್ದೂ ಇದನ್ನೇ ಹೋಲುತ್ತದೆ: ಪ್ರತಿಫಲ ಕೈತಪ್ಪುವ ಅಪಾಯ ಎಷ್ಟೆಂದು ಖಚಿತವಿಲ್ಲದಿದ್ದರೆ, ಪೂರ್ಣ ವಿವೇಕಿಯ ಕಡಿತವೂ ಹತ್ತಿರದಲ್ಲಿ ಕಡಿದಾಗಿ, ದೂರದಲ್ಲಿ ಸಪಾಟಾಗಿ ಕಾಣುತ್ತದೆ.

ಸಾಲದ ಲೆಕ್ಕವೂ ಇದೆ. ಶೇ 24ರ ಬಡ್ಡಿಯ ಸಾಲ ತಲೆಯ ಮೇಲಿರುವವರು ಶೇ 8.25 ಬಡ್ಡಿ ತರುವ ಪಿಎಫ್ ತೆಗೆದು ಸಾಲ ತೀರಿಸಿದರೆ ಅದು ದೌರ್ಬಲ್ಯದ ಲಕ್ಷಣವಲ್ಲ, ಅಂಕಗಣಿತ. ಹೊರಗಿನಿಂದ ನೋಡುವವರಿಗೆ ಅಗತ್ಯಕ್ಕಾಗಿ ತೆಗೆದದ್ದೂ ಆಮಿಷಕ್ಕೆ ಬಿದ್ದು ತೆಗೆದದ್ದೂ ಖಾತೆಯಲ್ಲಿ ಒಂದೇ ರೀತಿ ಕಾಣುತ್ತವೆ. ₹20,000ಕ್ಕಿಂತ ಕಡಿಮೆ ಬಾಕಿ ಎಂಬ ಸರ್ಕಾರದ ಅಂಕಿಯ ದೊಡ್ಡ ಕೊರತೆ ಇದೇ: ಹಣ ಉಳಿದಿಲ್ಲ ಎಂಬುದನ್ನು ಅದು ತೋರಿಸುತ್ತದೆ, ಏಕೆ ಉಳಿಯಲಿಲ್ಲ ಎಂಬುದನ್ನು ತೋರಿಸುವುದಿಲ್ಲ. ಜನರ ಪ್ರತಿ ಆಕ್ಷೇಪವನ್ನೂ ‘ಇಂದಿನ ಕಡೆಗೆ ವಾಲಿದ ಮನಸ್ಸು’ ಎಂದು ತಳ್ಳಿಹಾಕಲು ಆಳುವವರಿಗೆ ಅವಕಾಶ ಕೊಡುವುದು ಈ ಸಿದ್ಧಾಂತದ ಅತ್ಯಂತ ಅಪಾಯಕಾರಿ ಬಳಕೆ.

ಕನಿಷ್ಠ ಬಾಕಿ ಎಂಬ ಉತ್ತರ

ಹಾಗಾದರೆ ಬೀಗ ಬೇಡವೇ? ಮ್ಯಾನುಯೆಲ್ ಅಮಡೋರ್, ಇವಾನ್ ವರ್ನಿಂಗ್ ಮತ್ತು ಜಾರ್ಜ್-ಮಾರಿಯೊಸ್ ಆಂಜೆಲೆಟೊಸ್ 2006ರಲ್ಲಿ ಬಿಡಿಸಿದ್ದು ಸರಿಯಾಗಿ ಇದೇ ಪ್ರಶ್ನೆಯನ್ನು. ಒಬ್ಬ ವ್ಯಕ್ತಿಗೆ ನಾಳೆ ಆಮಿಷಕ್ಕೆ ಬೀಳುವ ಭಯವೂ ಇದೆ, ನಾಳೆ ನಿಜವಾದ ಅಗತ್ಯ ಎದುರಾಗುವ ಸಾಧ್ಯತೆಯೂ ಇದೆ. ಆ ಅಗತ್ಯ ಎಷ್ಟು ತೀವ್ರ ಎಂಬುದು ಅವನಿಗೆ ಮಾತ್ರ ಗೊತ್ತು, ಬೀಗ ಹಾಕುವವರಿಗೆ ಗೊತ್ತಾಗದು. ಪೂರ್ತಿ ಬೀಗ ಹಾಕಿದರೆ ಅಗತ್ಯದ ಹೊತ್ತಿಗೆ ಹಣವಿಲ್ಲ, ಪೂರ್ತಿ ತೆರೆದಿಟ್ಟರೆ ಆಮಿಷದ ಹೊತ್ತಿಗೆ ತಡೆಯಿಲ್ಲ. ಸಾಕಷ್ಟು ಸಾಮಾನ್ಯವಾದ ಷರತ್ತುಗಳಡಿ ಅವರಿಗೆ ದೊರೆತ ಉತ್ತರ ಸರಳವಾಗಿತ್ತು: ಕನಿಷ್ಠ ಉಳಿತಾಯದ ಒಂದು ಗೆರೆ ಎಳೆಯಿರಿ, ಅದರ ಮೇಲಿನದ್ದನ್ನು ಪೂರ್ತಿ ಅವನಿಗೇ ಬಿಡಿ. ಕಾರಣ ಕೇಳುವುದು, ದಾಖಲೆ ತರಿಸುವುದು, ದಂಡ ಹಾಕುವುದು ಇವುಗಳಿಂದ ಆಗುವ ಲಾಭಕ್ಕಿಂತ ನಷ್ಟವೇ ಹೆಚ್ಚು.

ಹೊಸ ಪಿಎಫ್ ನಿಯಮದ ಆಕಾರ ಇದಕ್ಕೆ ತುಂಬ ಹತ್ತಿರ ಬರುತ್ತದೆ. ಮಂಡಳಿಯ ಸದಸ್ಯರು ಆ ಮೂವರ ಪ್ರಬಂಧವನ್ನು ಓದಿಯೇ ನಿಯಮ ಬರೆದರೆಂದು ಭಾವಿಸಬೇಕಾಗಿಲ್ಲ, ಆಡಳಿತದ ಅನುಭವದಿಂದಲೂ ಅದೇ ಕಡೆಗೆ ಬಂದಿರಬಹುದು. 13 ಬಗೆಯ ಕಾರಣಗಳನ್ನು ಪರಿಶೀಲಿಸುವ ಹಳೆಯ ಪದ್ಧತಿಯಲ್ಲಿ ನಿಜವಾದ ಅಗತ್ಯವಿದ್ದವರು ದಾಖಲೆಗಾಗಿ ಅಲೆದರು, ಜಾಣರು ಸುಳ್ಳು ಕಾರಣ ಬರೆದರು. ಆದ್ದರಿಂದ ಕಾರಣ ಕೇಳುವುದನ್ನು ಬಿಟ್ಟು ಗೆರೆ ಎಳೆಯುವುದು ತತ್ತ್ವದಲ್ಲಿ ಸರಿಯಾದ ಹೆಜ್ಜೆ.

ಪ್ರಶ್ನೆ ಇರುವುದು ಗೆರೆಯ ಎತ್ತರದಲ್ಲಿ. ಶೇ 25 ಎಂಬ ಅಂಕಿಯನ್ನು ಸಿದ್ಧಾಂತ ಕೊಡುವುದಿಲ್ಲ. ಅಸಂಗತತೆ ಎಷ್ಟು ಪ್ರಬಲ, ಅಗತ್ಯಗಳು ಎಷ್ಟು ಅನಿಶ್ಚಿತ ಎಂಬುದರ ಮೇಲೆ ಅದು ನಿಲ್ಲುತ್ತದೆ, ಮತ್ತು ಆ ಎರಡೂ ಎಲ್ಲ ವರ್ಗದವರಿಗೆ ಒಂದೇ ಅಲ್ಲ. ಮೂವತ್ತು ವರ್ಷದ, ಸ್ಥಿರ ಕೆಲಸದ ನೌಕರರೊಬ್ಬರು ತಮ್ಮ ಖಾತೆಯ ₹1,00,000ದಲ್ಲಿ ₹75,000 ತೆಗೆದರೆ, ಬಡ್ಡಿ ದರ ಶೇ 8.25ರಲ್ಲೇ ಉಳಿಯುತ್ತದೆ ಎಂದುಕೊಂಡಾಗ, 58ನೆಯ ವಯಸ್ಸಿಗೆ ಅವರು ಬಿಟ್ಟುಕೊಟ್ಟದ್ದು ಸುಮಾರು ₹6.9 ಲಕ್ಷ. ಬೆಲೆ ಏರಿಕೆ ವರ್ಷಕ್ಕೆ ಶೇ 5 ಎಂದು ಹಿಡಿದರೆ ಅದು ಇಂದಿನ ಬೆಲೆಯಲ್ಲಿ ಸುಮಾರು ₹1.75 ಲಕ್ಷ, ಜಾಹೀರಾತಿನವರು ಹೇಳುವಷ್ಟು ದೊಡ್ಡದಲ್ಲ, ಕಡೆಗಣಿಸುವಷ್ಟು ಸಣ್ಣದೂ ಅಲ್ಲ. ಇಂಥವರಿಗೆ ಶೇ 25ರ ಗೆರೆ ತೀರ ಕೆಳಗಿದೆ. ಅದೇ ಗೆರೆ ಖಾತೆಯಲ್ಲಿ ₹20,000 ಇರುವ, ಆರು ತಿಂಗಳು ಕೆಲಸವಿಲ್ಲದೆ ಕೂತಿರುವ ಕಾರ್ಮಿಕರ ಪಾಲಿಗೆ ₹5,000 ತಡೆಹಿಡಿಯುತ್ತದೆ. ಆ ಮೊತ್ತ ಅವರ ವೃದ್ಧಾಪ್ಯವನ್ನು ಕಾಯಲಾರದು, ಅದನ್ನು ತಡೆಹಿಡಿದರೆ ಇಂದಿನ ಬಾಡಿಗೆ ಕಟ್ಟಲಾಗದಂತಾಗುತ್ತದೆ ಅಷ್ಟೆ. ಒಂದೇ ಶೇಕಡಾವಾರು ಗೆರೆಯು ಹಣ ಇದ್ದವರಿಗೆ ಸಡಿಲವಾಗಿ, ಇಲ್ಲದವರಿಗೆ ಬಿಗಿಯಾಗಿ ಕೆಲಸ ಮಾಡುತ್ತದೆ.

ಬೀಗದ ಕೈ ಹಿಡಿದವರ ಚಂಚಲತೆ

ಕಾಲ-ಅಸಂಗತತೆ ಉಳಿತಾಯಗಾರರ ರೋಗ ಮಾತ್ರವೇ ಅಲ್ಲ. ಸರ್ಕಾರಗಳೂ ಇಂದು ಕೊಟ್ಟ ಮಾತನ್ನು ನಾಳೆ ಮುರಿಯುವ ಆಮಿಷಕ್ಕೆ ಒಳಗಾಗುತ್ತವೆ, ಮತ್ತು ಅದು ಗೊತ್ತಿರುವ ಜನ ಮೊದಲೇ ಹುಷಾರಾಗುತ್ತಾರೆ ಎಂದು ಫಿನ್ ಕಿಡ್ಲೆಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ 1977ರಲ್ಲಿ ತೋರಿಸಿದರು. 2004ರ ನೊಬೆಲ್ ಪುರಸ್ಕಾರಕ್ಕೆ ಕಾರಣವಾದ ಕೆಲಸಗಳಲ್ಲಿ ಅದೂ ಒಂದು.

ಪಿಎಫ್ ಚರಿತ್ರೆ ಇದಕ್ಕೆ ಉದಾಹರಣೆಯಂತಿದೆ. 2016ರಲ್ಲಿ ಬಿಗಿ ಮಾಡಿ ಎರಡೇ ತಿಂಗಳಲ್ಲಿ ಬಿಟ್ಟದ್ದಾಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಆದಾಗ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಅಥವಾ ಬಾಕಿಯ ಶೇ 75, ಇವೆರಡರಲ್ಲಿ ಕಡಿಮೆಯಾದುದನ್ನು ತೆಗೆಯಲು ಅವಕಾಶ ಕೊಡಲಾಯಿತು. ಅದೇ ವರ್ಷ ಆಸ್ಟ್ರೇಲಿಯಾ ಕೂಡ ತನ್ನ ಬಿಗಿಯಾದ ನಿವೃತ್ತಿ ನಿಧಿಯಿಂದ 10,000 ಡಾಲರ್‌ಗಳನ್ನು ಎರಡು ಸಲ ತೆಗೆಯಲು ಬಿಟ್ಟಿತು. ಈ ಸಡಿಲಿಕೆಗಳು ಆ ಕ್ಷಣಕ್ಕೆ ಸಮರ್ಥನೀಯವೇ ಇದ್ದಿರಬಹುದು. ಆದರೆ ಸಂಕಟದ ಹೊತ್ತಿಗೆ ಸರ್ಕಾರಕ್ಕೂ ಒಂದು ಆಮಿಷ ಇರುತ್ತದೆ: ಬೊಕ್ಕಸದಿಂದ ನೆರವು ಕೊಡುವ ಬದಲು ಜನರ ಹಣವನ್ನೇ ಅವರಿಗೆ ಬಿಡುಗಡೆ ಮಾಡಿ ನೆರವು ಕೊಟ್ಟೆವೆನ್ನುವುದು. ಅದರ ಖರ್ಚು ಮೂವತ್ತು ವರ್ಷಗಳ ನಂತರದ ಯಾವುದೋ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಎಂದರೆ ಹಿಂಪಡೆಯುವ ಅರ್ಜಿಗಳು ಹೆಚ್ಚುವುದು. ಕಾರಣ ಬೇಡ, ಒಂದು ವರ್ಷದ ಸೇವೆ ಸಾಕು ಎಂದಾಗ ಅದು ಸಹಜ. ಇದರಿಂದ ಕನಿಷ್ಠವೆಂದು ಎಳೆದ ಗೆರೆಯೇ ಅನೇಕರ ಖಾತೆಯಲ್ಲಿ ಗರಿಷ್ಠವಾಗಿ ಉಳಿಯುವ ಅಪಾಯವಿದೆ. ಅಂತಿಮ ಬಾಕಿ ಸಣ್ಣದಾಗಿದೆ ಎಂಬ ಕೊರಗಿನಿಂದ ಹೊರಟ ಸುಧಾರಣೆ, ಕೆಳಗಿನ ತುದಿಯನ್ನು ಒಂದಿಷ್ಟು ಎತ್ತಿ ನಡುವಿನವರ ಬಾಕಿಯನ್ನು ಕುಗ್ಗಿಸಬಹುದು.

ಪಿಂಚಣಿಯ 36 ತಿಂಗಳ ನಿಯಮದ ಪರಿಣಾಮ ಬೇರೆ ತೆರನದು. ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷಗಳ ಸೇವೆ ಬೇಕು. ನಡುವೆ ಹಣ ತೆಗೆದವರ ಸೇವೆಯ ಎಣಿಕೆ ಅಲ್ಲಿಗೇ ಮುಗಿದು, ಮುಂದಿನ ಕೆಲಸದಲ್ಲಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸಣ್ಣ ಮೊತ್ತಕ್ಕಾಗಿ ಜೀವನಪರ್ಯಂತದ ಪಿಂಚಣಿಯ ಹಕ್ಕು ಕೈಬಿಡುವ ಈ ಜಾಗದಲ್ಲಿ ಇಂದಿನ ಕಡೆಗಿನ ವಾಲಿಕೆಯಿಂದ ಆಗುವ ನಷ್ಟ ಅತಿ ದೊಡ್ಡದು, ಕಾಯಿಸುವುದಕ್ಕೆ ಸಮರ್ಥನೆಯೂ ಅತಿ ಬಲವಾದದ್ದು. ಟೀಕೆ ಇದರ ಮೇಲೆಯೂ ಬಿದ್ದದ್ದು ನನಗೆ ಅಷ್ಟು ನ್ಯಾಯವೆನಿಸುವುದಿಲ್ಲ.

ಪಿಎಫ್‌ನ ಕಾಲುಭಾಗಕ್ಕೆ ಹಾಕಿದ 12 ತಿಂಗಳ ತಡೆಗೆ ಅಷ್ಟು ಬಲವಾದ ಆಧಾರವಿಲ್ಲ, ಏಕೆಂದರೆ ನಿರುದ್ಯೋಗವು ಆಮಿಷಕ್ಕಿಂತ ಅಗತ್ಯದ ಪಾಲು ಹೆಚ್ಚಿರುವ ಸನ್ನಿವೇಶ. ಒಂದು ಮೊತ್ತಕ್ಕಿಂತ ಕಡಿಮೆ ಬಾಕಿ ಇರುವ ಖಾತೆಗಳಿಗೆ ಈ ತಡೆಯಿಂದ ವಿನಾಯಿತಿ ಕೊಟ್ಟು, ದೊಡ್ಡ ಬಾಕಿಗಳಿಗೆ ಶೇ 25ಕ್ಕಿಂತ ಮೇಲಿನ ಗೆರೆ ಎಳೆದಿದ್ದರೆ ನಿಯಮ ತನ್ನದೇ ತರ್ಕಕ್ಕೆ ಹೆಚ್ಚು ನಿಷ್ಠವಾಗಿರುತ್ತಿತ್ತು. ಹಾಗೆ ಮಾಡುವುದಕ್ಕೆ ಸಂಘಟನೆಯ ಬಳಿ ಬೇಕಾದ ಮಾಹಿತಿ ಇದೆ: ಯಾರು, ಯಾವ ವಯಸ್ಸಿನಲ್ಲಿ, ಎಷ್ಟು ಸಂಬಳದ ಮೇಲೆ, ಕೆಲಸ ಹೋದ ಎಷ್ಟು ದಿನಕ್ಕೆ ಹಣ ತೆಗೆದರು ಎಂಬುದು ಅದರ ಖಾತೆಗಳಲ್ಲೇ ದಾಖಲಾಗಿದೆ. ಅದನ್ನು ವರ್ಗವಾರು ಬಿಡಿಸಿ ಪ್ರಕಟಿಸಿದರೆ, ಅರ್ಧದಷ್ಟು ಖಾತೆಗಳು ಬರಿದಾದದ್ದರಲ್ಲಿ ಮನಸ್ಸಿನ ವಾಲಿಕೆಯ ಪಾಲೆಷ್ಟು, ಕೂಲಿಯ ಕೊರತೆಯ ಪಾಲೆಷ್ಟು ಎಂಬ ಅಂದಾಜಾದರೂ ಸಿಗುತ್ತದೆ.